ತೂಕದ ಚೀಟಿ, ಎರಡು ಸರ್ವರ್, ಒಂದು ಡಿಸ್ಕ್ ಪೆಟ್ಟಿಗೆ: ಮಂಡ್ಯದ ಸಕ್ಕರೆ ಕಾರ್ಖಾನೆಯೊಂದರ ಪ್ರಕರಣ

ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆ. ಹೆಸರು ಬೇಡ. ಸೀಸನ್ ಶುರುವಾದರೆ ಅಲ್ಲಿ ಹಗಲು ರಾತ್ರಿ ಕಬ್ಬು ಅರೆಯುತ್ತಾರೆ. ಗೇಟಿನಲ್ಲಿ ಟೋಕನ್, ತೂಕದ ಮನೆಯಲ್ಲಿ ತುಂಬಿದ ಗಾಡಿಯ ತೂಕ, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯ ತೂಕ, ಕೊನೆಗೆ ಕೈಗೆ ಚೀಟಿ. ಇಷ್ಟೂ ಒಂದೇ ಡೇಟಾಬೇಸ್ ಸರ್ವರ್ ಮೇಲೆ ನಿಂತಿತ್ತು. ರೈತರ ಬಿಲ್, ಮುಂಗಡದ ಕಡಿತ, ಕಟಾವು ಮತ್ತು ಸಾಗಣೆ ಲೆಕ್ಕ, ಬ್ಯಾಂಕಿಗೆ ಹೋಗುವ ಪಟ್ಟಿ, ಎಲ್ಲವೂ ಅದೇ ಸರ್ವರ್‌ನಲ್ಲೇ.

ಹಿಂದಿನ ಸೀಸನ್ ಜೋರಾಗಿದ್ದಾಗ ಆ ಸರ್ವರ್‌ನ ಮದರ್‌ಬೋರ್ಡ್ ಕೈಕೊಟ್ಟಿತು. ಬದಲಿ ಬೋರ್ಡ್ ಬರುವ ತನಕ ಚೀಟಿಯನ್ನು ಕೈಯಲ್ಲಿ ಬರೆದರು. ಟ್ರ್ಯಾಕ್ಟರ್ ಸಾಲು ಯಾರ್ಡ್ ದಾಟಿ ರಸ್ತೆಗೆ ಬಂತು. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಕಡಿಮೆಯಾಗುತ್ತದೆ. ರೈತನಿಗೂ ನಷ್ಟ, ಕಾರ್ಖಾನೆಗೂ ನಷ್ಟ. ಗಲಾಟೆ ಆಗದೆ ಇರುತ್ತದೆಯೇ? ಆಡಳಿತ ಮಂಡಳಿ ಒಂದೇ ಸಾಲಿನಲ್ಲಿ ತೀರ್ಮಾನ ಮಾಡಿತು: ಎರಡು ಸರ್ವರ್ ತಗೊಳ್ಳಿ, ಕ್ಲಸ್ಟರ್ ಮಾಡಿ. ಅಂದರೆ ಒಂದು ಬಿದ್ದರೆ ಇನ್ನೊಂದು ಅದರ ಕೆಲಸ ಹಿಡಿಯುವ ಜೋಡಿ.

ಇದರ ಜೊತೆಗೆ ಇನ್ನೊಂದು ಹಳೆ ದೂರು ಇತ್ತು. ಬಿಲ್ ಓಡುವ ದಿನ ತೂಕದ ಚೀಟಿ ತುಂಬ ನಿಧಾನ. ತೂಕದ ಮನೆಯ ಹುಡುಗ ಹೇಳಿದ್ದು ಇಷ್ಟೇ: “ಬಿಲ್ ದಿನ ಹಿಂಗೇ ಸಾ. ಬಟನ್ ಒತ್ತಿ ಕೂತ್ಕೋಬೇಕು. ಡ್ರೈವರ್‌ಗಳು ನನ್ ಮೇಲೆ ಎಗರಾಡ್ತಾರೆ.” ಬಿಲ್ ಓಡಿಸುವುದನ್ನು ಮುಂದಕ್ಕೆ ಹಾಕೋಣ ಎಂದರೆ ಅದೂ ಆಗುವುದಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ರೈತರಿಗೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ. ಹಾಗಾಗಿ ತಿಂಗಳಿಗೆ ಎರಡು ಸಲ ಬಿಲ್ ಓಡಲೇಬೇಕು, ಗೇಟಿನಲ್ಲಿ ಎಷ್ಟೇ ಗಾಡಿ ನಿಂತಿರಲಿ.

ಸರಬರಾಜುದಾರರು ಕೊಟ್ಟ ಕೊಟೇಶನ್ ಹೀಗಿತ್ತು: ಎರಡು ಹೊಸ ಸರ್ವರ್, ಮಧ್ಯೆ ಒಂದು ಸ್ಟೋರೇಜ್ ಪೆಟ್ಟಿಗೆ, ಅದರೊಳಗೆ 8 ಟಿಬಿಯ ನಾಲ್ಕು ಡಿಸ್ಕ್, ನಿಮಿಷಕ್ಕೆ 7200 ಸುತ್ತಿನವು, ರೇಡ್ 5 (ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಯುವ ಹಾಗೆ ಡಿಸ್ಕ್ ಗುಂಪು ಮಾಡುವ ಬಗೆ), 1 ಗಿಗಾಬಿಟ್ ನೆಟ್‌ವರ್ಕ್ ಮೇಲೆ ಐಸ್ಕಸಿ (ನೆಟ್‌ವರ್ಕ್ ಮೂಲಕ ಡಿಸ್ಕ್ ಬಳಸುವ ವಿಧಾನ). ಕೈಗೆ 24 ಟಿಬಿ ಸಿಗುತ್ತದೆ. ಕಾರ್ಖಾನೆಯ ಮೂರೂ ಡೇಟಾಬೇಸ್ ಸೇರಿ ಆಗ ಸುಮಾರು 400 ಜಿಬಿ ಇತ್ತು. “ಇನ್ನು ಇಪ್ಪತ್ತು ವರ್ಷ ಜಾಗದ ಚಿಂತೆ ಇಲ್ಲ” ಅಂತ ಲೆಕ್ಕಪತ್ರ ವಿಭಾಗಕ್ಕೆ ಖುಷಿ. ನನ್ನನ್ನು ಮೈಸೂರಿನಿಂದ ಕರೆಸಿದ್ದು ಈ ಕೊಟೇಶನ್‌ಗೆ ಒಂದು ಸಲ ಕಣ್ಣಾಡಿಸಿ ಸೈ ಅನ್ನಲಿಕ್ಕೆ.

ಮೊದಲು ಹಳೆ ಸರ್ವರ್ ಏನು ಹೇಳುತ್ತದೆ

ಹೊಸ ಡಿಸ್ಕ್ ಆರಿಸುವ ಮುಂಚೆ ಹಳೆಯದು ಯಾಕೆ ನರಳುತ್ತಿದೆ ಅಂತ ಗೊತ್ತಾಗಬೇಕು. ಇಲ್ಲದಿದ್ದರೆ ರೋಗವನ್ನೂ ಹೊಸ ಪೆಟ್ಟಿಗೆಗೆ ಸಾಗಿಸಿದ ಹಾಗಾಗುತ್ತದೆ.

ಡೇಟಾಬೇಸ್ ಸಾಫ್ಟ್‌ವೇರ್ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್, ಸ್ಟ್ಯಾಂಡರ್ಡ್ ಎಡಿಶನ್. ಮೊದಲ ಅನುಮಾನ ಲಾಕ್ ಮೇಲೆ. ಬಿಲ್ ಪ್ರೋಗ್ರಾಂ ತೂಕದ ಟೇಬಲ್ ಹಿಡಿದುಕೊಂಡು ಕೂತಿದೆಯಾ? ನೋಡಿದೆವು. ಅಲ್ಲೊಂದು ಇಲ್ಲೊಂದು ಲಾಕ್ ಇತ್ತು. ಆದರೆ ತೂಕದ ಮನೆಯ ಕನೆಕ್ಷನ್‌ಗಳು ಕಾಯುತ್ತಿದ್ದದ್ದು ಹೆಚ್ಚಾಗಿ ರೈಟ್‌ಲಾಗ್ ಎಂಬ ವೇಟ್‌ನಲ್ಲಿ. ಅಂದರೆ ಲಾಗ್ ಫೈಲಿಗೆ ಬರಹ ಮುಗಿಯುವುದನ್ನೇ ಕಾಯುತ್ತಿದ್ದವು.

ಇಲ್ಲಿ ಲಾಗ್ ಅಂದರೇನು ಅಂತ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಕಚ್ಚಾ ಪುಸ್ತಕ ಒಂದು, ಖಾತೆ ಪುಸ್ತಕ ಒಂದು ಇರುತ್ತದಲ್ಲ, ಹಾಗೆ. ವ್ಯಾಪಾರ ಆದ ಕೂಡಲೇ ಕಚ್ಚಾ ಪುಸ್ತಕದಲ್ಲಿ ಬರೆದರೆ ಸಾಕು, ಗಿರಾಕಿಯನ್ನು ಕಳಿಸಬಹುದು. ಖಾತೆಗೆ ನಿಧಾನವಾಗಿ ಏರಿಸಿದರೂ ನಡೆಯುತ್ತದೆ. ಡೇಟಾಬೇಸ್ ಕೂಡ ‘ಕಮಿಟ್’ ಆಯಿತು, ಅಂದರೆ ಬರಹ ಖಾಯಂ ಆಯಿತು ಅಂತ ಹೇಳುವುದು ಲಾಗ್ ಡಿಸ್ಕಿಗೆ ಇಳಿದ ಮೇಲೆಯೇ. ಡೇಟಾ ಫೈಲ್ ಆಮೇಲೆ ಬರೆಯುತ್ತದೆ. ಹಾಗಾಗಿ ಚೀಟಿ ಎಷ್ಟು ಬೇಗ ಬರುತ್ತದೆ ಅನ್ನುವುದು ಲಾಗ್ ಬರಹ ಎಷ್ಟು ಬೇಗ ಮುಗಿಯುತ್ತದೆ ಅನ್ನುವುದರ ಮೇಲೆ ನಿಂತಿದೆ.

ಎಸ್‌ಕ್ಯೂಎಲ್ ಸರ್ವರ್‌ನೊಳಗೇ ಇದಕ್ಕೊಂದು ವ್ಯೂ ಇದೆ. ಪ್ರತಿ ಫೈಲಿಗೆ ಎಷ್ಟು ಓದು, ಎಷ್ಟು ಬರಹ, ಒಟ್ಟು ಎಷ್ಟು ಹೊತ್ತು ಕಾದದ್ದು, ಎಲ್ಲ ಸಿಗುತ್ತದೆ. ಆದರೆ ಅದು ಸರ್ವರ್ ಶುರುವಾದಾಗಿನಿಂದ ಕೂಡಿಟ್ಟ ಲೆಕ್ಕ. ಸುಮ್ನೆ ಒಂದು ಸಲ ನೋಡಿದರೆ ಮೋಸ ಹೋಗುತ್ತೀರಿ. ಬಿಲ್ ಇಲ್ಲದ ದಿನ, ಕೆಲಸ ಕಡಿಮೆ ಇರುವ ಹೊತ್ತು ಎಲ್ಲ ಸೇರಿ ಸರಾಸರಿ ಚೆನ್ನಾಗೇ ಕಾಣುತ್ತದೆ. ಐದೈದು ನಿಮಿಷಕ್ಕೆ ಒಂದು ಪ್ರತಿ ತೆಗೆದಿಟ್ಟು, ಒಂದರಿಂದ ಒಂದನ್ನು ಕಳೆಯಬೇಕು. ಹಾಗೆ ಮಾಡಿದಾಗ ಬಿಲ್ ಓಡುವ ಹೊತ್ತಿನಲ್ಲಿ ಲಾಗ್‌ನ ಒಂದೊಂದು ಬರಹಕ್ಕೆ ಸರಾಸರಿ 200 ಮಿಲಿಸೆಕೆಂಡ್ ಆಗುತ್ತಿತ್ತು. ಲಾಗ್ ಬರಹ 5 ಮಿಲಿಸೆಕೆಂಡ್ ಒಳಗಿದ್ದರೆ ಆರೋಗ್ಯ ಅಂತ ನಮ್ಮ ಕಸುಬಿನವರ ಲೆಕ್ಕ. ಇನ್ನು ತೂಕದ ಸಾಫ್ಟ್‌ವೇರ್ ಒಂದು ಚೀಟಿಗೆ ಸುಮಾರು 40 ಸಣ್ಣ ಸಣ್ಣ ಕಮಿಟ್ ಮಾಡುತ್ತಿತ್ತು. 40 ಸಲ 200 ಮಿಲಿಸೆಕೆಂಡ್ ಅಂದರೆ 8 ಸೆಕೆಂಡ್. ಹುಡುಗ ಹೇಳಿದ್ದು ಸುಳ್ಳಲ್ಲ.

ಆ ಸರ್ವರ್‌ನಲ್ಲಿ 10,000 ಸುತ್ತಿನ ಆರು ಡಿಸ್ಕ್ ರೇಡ್ 5ರಲ್ಲಿದ್ದವು. ಲಾಗ್, ಡೇಟಾ, ಟೆಂಪ್‌ಡಿಬಿ (ಡೇಟಾಬೇಸ್ ತನ್ನ ತಾತ್ಕಾಲಿಕ ಕೆಲಸಕ್ಕೆ ಬಳಸುವ ಜಾಗ) ಎಲ್ಲ ಅದರಲ್ಲೇ. ಅಷ್ಟಿದ್ದರೂ 200 ಮಿಲಿಸೆಕೆಂಡ್ ಜಾಸ್ತಿ ಅನ್ನಿಸಿತು. ರೇಡ್ ಕಾರ್ಡ್‌ನ ಯುಟಿಲಿಟಿ ತೆಗೆದರೆ ಕಾರಣ ಕೆಂಪಕ್ಷರದಲ್ಲೇ ಇತ್ತು. ಕಾರ್ಡ್‌ನ ಬ್ಯಾಟರಿ ಸತ್ತುಹೋಗಿದೆ.

ರೇಡ್ ಕಾರ್ಡ್ ಮೇಲೆ ಸ್ವಲ್ಪ ಮೆಮೊರಿ ಇರುತ್ತದೆ. ಬರಹವನ್ನು ಅಲ್ಲಿಟ್ಟುಕೊಂಡು “ಆಯ್ತು” ಅಂತ ಹೇಳಿ, ಆಮೇಲೆ ಡಿಸ್ಕಿಗೆ ಇಳಿಸುತ್ತದೆ. ಈ ಮೆಮೊರಿಗೆ ಕ್ಯಾಶ್ ಅನ್ನುತ್ತಾರೆ. ಕರೆಂಟ್ ಹೋದರೂ ಆ ಮೆಮೊರಿ ಉಳಿಯಬೇಕಲ್ಲ, ಅದಕ್ಕೇ ಬ್ಯಾಟರಿ. ಬ್ಯಾಟರಿ ಸತ್ತರೆ ಕಾರ್ಡ್ ತಾನಾಗಿಯೇ ಈ ಸೌಲಭ್ಯ ನಿಲ್ಲಿಸಿ, ಪ್ರತಿ ಬರಹವನ್ನೂ ನೇರ ಡಿಸ್ಕ್ ತಟ್ಟೆಗೇ ಇಳಿಸುತ್ತದೆ. ಅದು ಸರಿಯಾದ ನಡವಳಿಕೆಯೇ. ಆದರೆ ಯಾರಿಗೂ ಹೇಳುವುದಿಲ್ಲ. ಎಲ್‌ಇಡಿ ಹಸಿರಾಗೇ ಉರಿಯುತ್ತಿತ್ತು, ಡಿಸ್ಕ್ ಎಲ್ಲ ಸರಿಯಾಗಿದ್ದವು, ಗತಿ ಮಾತ್ರ ಬಿದ್ದುಹೋಗಿತ್ತು.

ಬ್ಯಾಟರಿ ತರಿಸಿ ಹಾಕಿದೆವು. ಮುಂದಿನ ಬಿಲ್‌ನಲ್ಲಿ ಲಾಗ್ ಬರಹ ಸುಮಾರು 15 ಮಿಲಿಸೆಕೆಂಡ್‌ಗೆ ಇಳಿಯಿತು, ಚೀಟಿ ಒಂದು ಸೆಕೆಂಡಿನೊಳಗೆ ಬಂತು. ಕೇನ್ ಆಫೀಸಿನ ಮ್ಯಾನೇಜರ್ ತಕ್ಷಣ ಕೇಳಿದರು: “ಹಾಗಾದ್ರೆ ಹೊಸ ಡಿಸ್ಕ್ ಯಾಕ್ರೀ ಬೇಕು?”

ಪ್ರಶ್ನೆ ನ್ಯಾಯವಾದದ್ದೇ. ವೇಗಕ್ಕಾಗಿ ಅಷ್ಟೊಂದು ತುರ್ತಿಲ್ಲ ಅಂತ ಒಪ್ಪಿಕೊಳ್ಳಬೇಕಾಯಿತು. ಆದರೆ ಮದರ್‌ಬೋರ್ಡ್ ಹೋದರೆ ಗೇಟ್ ನಿಲ್ಲಬಾರದು ಅನ್ನುವುದು ಬೇರೆ ಮಾತು. ಅದಕ್ಕೆ ಕ್ಲಸ್ಟರ್ ಬೇಕು. ಕ್ಲಸ್ಟರ್‌ಗೆ ಹೋದರೆ, ಈಗ ತಾನೇ ನಮ್ಮನ್ನು ಉಳಿಸಿದ ರೇಡ್ ಕಾರ್ಡ್ ಕ್ಯಾಶ್ ಮತ್ತೆ ಕೈಬಿಟ್ಟುಹೋಗುತ್ತದೆ. ಈ ವಿಷಯ ಕೊಟೇಶನ್ ಕೊಟ್ಟವರಿಗೂ ಹೊಳೆದಿರಲಿಲ್ಲ.

ಕ್ಯಾಶ್ ಎಲ್ಲಿರಬೇಕು

ಎರಡು ಸರ್ವರ್ ಒಂದೇ ಡಿಸ್ಕ್ ಗುಂಪನ್ನು ಹಂಚಿಕೊಳ್ಳುತ್ತವೆ ಅಂದುಕೊಳ್ಳಿ. ಒಂದು ಹೊತ್ತಿಗೆ ಒಂದೇ ಸರ್ವರ್ ಅದರ ಯಜಮಾನ. ಮೊದಲ ಸರ್ವರ್ ಬಿದ್ದರೆ ಎರಡನೆಯದು ಅದೇ ಡಿಸ್ಕ್‌ಗಳನ್ನು ಎತ್ತಿಕೊಂಡು ಡೇಟಾಬೇಸ್ ಶುರು ಮಾಡುತ್ತದೆ. ಈಗ ಮೊದಲ ಸರ್ವರ್‌ನೊಳಗಿನ ಕಾರ್ಡ್ ಮೆಮೊರಿಯಲ್ಲಿ ಇನ್ನೂ ಡಿಸ್ಕಿಗೆ ಇಳಿಯದ ಬರಹ ಇದ್ದರೆ? ಬ್ಯಾಟರಿ ಅದನ್ನು ಜೋಪಾನವಾಗಿ ಕಾಪಾಡಿರುತ್ತದೆ, ಸತ್ತುಬಿದ್ದ ಸರ್ವರ್‌ನೊಳಗೆ. ಎರಡನೇ ಸರ್ವರ್‌ಗೆ ಅದು ಕಾಣುವುದಿಲ್ಲ. ಕಮಿಟ್ ಆಯಿತು ಅಂತ ಚೀಟಿ ಕೊಟ್ಟ ತೂಕ ಡೇಟಾಬೇಸ್‌ನಲ್ಲಿ ಇರುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಮೊದಲ ಸರ್ವರ್ ಮತ್ತೆ ಎದ್ದಾಗ ಆ ಹಳೆ ಬರಹವನ್ನು ಹೊಸದರ ಮೇಲೆ ಇಳಿಸಿದರೆ ಫೈಲೇ ಕೆಡುತ್ತದೆ.

ಹಾಗಾಗಿ ಹಂಚಿಕೊಂಡ ಡಿಸ್ಕ್ ಇರುವ ಕ್ಲಸ್ಟರ್‌ನಲ್ಲಿ ಬರಹದ ಕ್ಯಾಶ್ ಸರ್ವರ್‌ನೊಳಗೆ ಇರಕೂಡದು. ಡಿಸ್ಕ್ ಎಲ್ಲಿದೆಯೋ ಅಲ್ಲೇ, ಆ ಪೆಟ್ಟಿಗೆಯ ಕಂಟ್ರೋಲರ್‌ನಲ್ಲೇ (ಡಿಸ್ಕ್‌ಗಳನ್ನು ನಡೆಸುವ ಬೋರ್ಡ್) ಇರಬೇಕು. ಸರ್ವರ್‌ಗಳಲ್ಲಿ ರೇಡ್ ಕಾರ್ಡ್ ಬೇಡ, ಬರೀ ದಾರಿ ಮಾಡಿಕೊಡುವ ಎಚ್‌ಬಿಎ ಕಾರ್ಡ್ ಸಾಕು. ಇನ್ನು ಪೆಟ್ಟಿಗೆಯಲ್ಲಿ ಒಂದೇ ಕಂಟ್ರೋಲರ್ ಇದ್ದರೆ ಎರಡು ಸರ್ವರ್ ಇಟ್ಟದ್ದಕ್ಕೆ ಅರ್ಥವೇ ಇಲ್ಲ, ಅಲ್ವಾ? ಎರಡು ಕಂಟ್ರೋಲರ್ ಬೇಕು, ಒಂದರ ಕ್ಯಾಶ್‌ನ ನಕಲು ಇನ್ನೊಂದರಲ್ಲಿ ಸದಾ ಇರಬೇಕು. ಕೊಟೇಶನ್‌ನಲ್ಲಿದ್ದ ಪೆಟ್ಟಿಗೆಗೆ ಒಂದೇ ಕಂಟ್ರೋಲರ್. ಮದರ್‌ಬೋರ್ಡ್ ಹೋಗುವ ಭಯಕ್ಕೆ ಕೊಳ್ಳುವ ವ್ಯವಸ್ಥೆಯಲ್ಲಿ, ಒಂಟಿ ಮದರ್‌ಬೋರ್ಡ್ ಸರ್ವರ್‌ನಿಂದ ಸ್ಟೋರೇಜ್‌ಗೆ ಜಾಗ ಬದಲಾಯಿಸಿತ್ತು ಅಷ್ಟೇ.

ನಾನು ಆ ಕೊಟೇಶನ್‌ಗೆ ಬೇಡ ಅಂದದ್ದಕ್ಕೆ ಮುಖ್ಯ ಕಾರಣ ಇದೇ. ಉಳಿದದ್ದು ಲೆಕ್ಕ.

24 ಟಿಬಿ ಇದ್ದೂ ಹಳೆಯದಕ್ಕಿಂತ ನಿಧಾನ

ಡಿಸ್ಕ್‌ಗೆ ಎರಡು ಅಳತೆ. ಎಷ್ಟು ಹಿಡಿಸುತ್ತದೆ ಅನ್ನುವುದು ಒಂದು. ಸೆಕೆಂಡಿಗೆ ಎಷ್ಟು ಓದು-ಬರಹ ಮಾಡುತ್ತದೆ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಐಆಪ್ಸ್ ಅನ್ನುತ್ತಾರೆ. ಕೊಟೇಶನ್‌ಗಳಲ್ಲಿ ಮೊದಲನೆಯದು ದಪ್ಪಕ್ಷರದಲ್ಲಿರುತ್ತದೆ, ಎರಡನೆಯದು ಇರುವುದೇ ಇಲ್ಲ.

7200 ಸುತ್ತಿನ ಡಿಸ್ಕ್‌ನ ತಟ್ಟೆ ಅರ್ಧ ಸುತ್ತು ತಿರುಗಲು 4 ಮಿಲಿಸೆಕೆಂಡ್‌ಗೂ ಸ್ವಲ್ಪ ಜಾಸ್ತಿ ಬೇಕು. ತಲೆ ಅತ್ತಿತ್ತ ಸರಿಯಲು ಇನ್ನಷ್ಟು. ಹಾಗಾಗಿ ಅಂಥ ಒಂದು ಡಿಸ್ಕ್‌ನಿಂದ ಸೆಕೆಂಡಿಗೆ 75-80 ಚದುರಿದ ಓದು-ಬರಹ ಸಿಕ್ಕರೆ ಹೆಚ್ಚು. 10,000 ಸುತ್ತಿನದರಲ್ಲಿ 130ರ ಆಸುಪಾಸು, 15,000 ಸುತ್ತಿನದರಲ್ಲಿ 180ರ ಹತ್ತಿರ. ಡಿಸ್ಕ್ 1 ಟಿಬಿ ಇರಲಿ, 8 ಟಿಬಿ ಇರಲಿ, ಈ ಸಂಖ್ಯೆ ಬದಲಾಗುವುದಿಲ್ಲ.

ಇದರ ಮೇಲೆ ರೇಡ್‌ನ ಸುಂಕ. ರೇಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ನಾಲ್ಕು ಕೆಲಸ: ಹಳೆ ಡೇಟಾ ಓದು, ಹಳೆ ಪ್ಯಾರಿಟಿ (ಸತ್ತ ಡಿಸ್ಕ್‌ನ ಡೇಟಾ ಮರಳಿ ಕಟ್ಟಲು ಇಡುವ ಲೆಕ್ಕ) ಓದು, ಹೊಸ ಡೇಟಾ ಬರೆ, ಹೊಸ ಪ್ಯಾರಿಟಿ ಬರೆ. ರೇಡ್ 10ರಲ್ಲಿ ಎರಡೇ, ಜೋಡಿ ಡಿಸ್ಕ್‌ಗಳಿಗೆ ಒಂದೊಂದು ಸಲ. ಎರಡು ಪ್ಯಾರಿಟಿ ಇಡುವ ರೇಡ್ 6ರಲ್ಲಿ ಆರು. ರೇಡ್ ಅನ್ನುವ ಯೋಚನೆಯನ್ನು 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಮೂವರು ಮುಂದಿಟ್ಟಾಗಲೇ ಸಣ್ಣ ಬರಹ ದುಬಾರಿ ಅಂತ ಗೊತ್ತಿತ್ತು. ಮೂವತ್ತು ವರ್ಷ ದಾಟಿದರೂ ಕೊಟೇಶನ್ ಬರೆಯುವವರಿಗೆ ಮಾತ್ರ ಇದು ಪ್ರತಿ ಸಲವೂ ಹೊಸ ಸುದ್ದಿ.

ಕಾರ್ಖಾನೆಯ ಕೆಲಸದಲ್ಲಿ ಸುಮಾರು 60 ಪರ್ಸೆಂಟ್ ಓದು, 40 ಪರ್ಸೆಂಟ್ ಬರಹ. ಈ ಬೆರಕೆಯಲ್ಲಿ ರೇಡ್ 5ರಲ್ಲಿ 100 ಕೋರಿಕೆ ಅಂದರೆ ಡಿಸ್ಕ್‌ಗಳ ಮೇಲೆ 60 ಕೂಡಿಸು 160, ಒಟ್ಟು 220 ಕೆಲಸ. ಹಳೆ ಸರ್ವರ್‌ನ ಆರು ಡಿಸ್ಕ್ ಸೇರಿ ಸುಮಾರು 780 ಕೆಲಸ ಮಾಡಬಲ್ಲವು. ಅಂದರೆ ಡೇಟಾಬೇಸ್‌ಗೆ ಸಿಗುವುದು 350ರಷ್ಟು. ಕೊಟೇಶನ್‌ನ ನಾಲ್ಕು ಡಿಸ್ಕ್ ಸೇರಿ 300. ಡೇಟಾಬೇಸ್‌ಗೆ ಸಿಗುವುದು 140ಕ್ಕೂ ಕಡಿಮೆ! ಹೊಸ ಪೆಟ್ಟಿಗೆ, 24 ಟಿಬಿ, ಹಳೆಯದರ ಅರ್ಧಕ್ಕಿಂತ ಕಡಿಮೆ ಗತಿ. ಈ ಒಂದು ಲೆಕ್ಕವನ್ನು ಬಿಳಿ ಹಾಳೆಯ ಮೇಲೆ ಬರೆದು ತೋರಿಸಿದ ಮೇಲೆ ಮ್ಯಾನೇಜರ್ ಸಾಹೇಬರು ಕುರ್ಚಿ ಮುಂದಕ್ಕೆಳೆದುಕೊಂಡು ಕೂತರು.

ಹಾಗಾದರೆ ಎಷ್ಟು ಬೇಕು? ಇಲ್ಲೊಂದು ಎಚ್ಚರ ಬೇಕು. ಹಳೆ ಸರ್ವರ್ ಅಳೆದರೆ ಸಿಗುವುದು ಹಳೆ ಡಿಸ್ಕ್ ಕೊಡಬಲ್ಲಷ್ಟು ಮಾತ್ರ. ನಿಜವಾದ ಬೇಡಿಕೆ ಸಾಲಿನಲ್ಲಿ ನಿಂತಿರುತ್ತದೆ, ಸಂಖ್ಯೆಯಲ್ಲಿ ಕಾಣುವುದಿಲ್ಲ. ಬಿಲ್ ಓಡುವ ಸಮಯ ಮೂರರಲ್ಲಿ ಒಂದು ಭಾಗಕ್ಕೆ ಇಳಿಯಬೇಕು ಅನ್ನುವುದು ಲೆಕ್ಕಪತ್ರ ವಿಭಾಗದ ಆಸೆ. ಅದನ್ನೇ ಹಿಡಿದು 1000 ಐಆಪ್ಸ್ ಅಂತ ಗುರಿ ಇಟ್ಟುಕೊಂಡೆವು. ಅದಕ್ಕೆ ರೇಡ್ 5ರಲ್ಲಿ 7200 ಸುತ್ತಿನ ಡಿಸ್ಕ್ 30 ಬೇಕು, ರೇಡ್ 10ರಲ್ಲಿ 20. ಮಂಡ್ಯದ ಕಾರ್ಖಾನೆಯಲ್ಲಿ 30 ಡಿಸ್ಕ್ ತಿರುಗಿಸುತ್ತಾ ಕೂರುವುದು ಬೇಡ.

ಇನ್ನೊಂದು ಅಗ್ಗದ ದಾರಿಯೂ ಇದೆ, ಅದು ಮೆಮೊರಿ. ಹಳೆ ಸರ್ವರ್‌ನಲ್ಲಿ 32 ಜಿಬಿ ಇತ್ತು. ಸ್ಟ್ಯಾಂಡರ್ಡ್ ಎಡಿಶನ್ 2016ರಿಂದ 2022ರ ತನಕದ ಆವೃತ್ತಿಗಳಲ್ಲಿ ಡೇಟಾ ಇಟ್ಟುಕೊಳ್ಳಲು 128 ಜಿಬಿ ವರೆಗೆ ಬಳಸಬಲ್ಲದು. ಅಷ್ಟು ಹಾಕಿದರೆ ಈ ಸೀಸನ್‌ನ ತೂಕವೆಲ್ಲ ಮೆಮೊರಿಯಲ್ಲೇ ಕೂರುತ್ತದೆ, ಓದು ಬಹಳಷ್ಟು ಇಳಿಯುತ್ತದೆ. ಬರಹ ಮಾತ್ರ ಇಳಿಯುವುದಿಲ್ಲ. ಹಾಗಾಗಿ ಮೆಮೊರಿ ಹಾಕಿದಷ್ಟೂ ಡಿಸ್ಕ್‌ನ ಕೆಲಸದಲ್ಲಿ ಬರಹದ ಪಾಲು ಏರುತ್ತದೆ, ರೇಡ್ 5 ಇನ್ನಷ್ಟು ಬೆಲೆ ಕೇಳುತ್ತದೆ.

ಎಸ್‌ಎಸ್‌ಡಿ ಬಂದ ಮೇಲೆ

ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್ ಮೇಲೆ ಬರೆಯುವ ಡಿಸ್ಕ್) ಹಾಕಿದರೆ ಮೇಲಿನ ಲೆಕ್ಕ ಮುಗಿದ ಹಾಗೆ. ಸರ್ವರ್ ದರ್ಜೆಯ ಒಂದೇ ಒಂದು ಎಸ್‌ಎಸ್‌ಡಿ ಸಾವಿರಗಟ್ಟಲೆ ಐಆಪ್ಸ್ ಕೊಡುತ್ತದೆ. ರೇಡ್ 5ರ ನಾಲ್ಕು ಪಟ್ಟು ಸುಂಕ ಕೊಟ್ಟರೂ ನಮ್ಮ 1000 ಅದಕ್ಕೆ ಲೆಕ್ಕಕ್ಕೇ ಇಲ್ಲ. ಡೇಟಾಬೇಸ್‌ಗೆ ರೇಡ್ 5 ಕೂಡದು ಅನ್ನುವ ಹಳೆ ಮಾತನ್ನು ಎಸ್‌ಎಸ್‌ಡಿ ಕಾಲದಲ್ಲೂ ಗಿಳಿಪಾಠದ ಹಾಗೆ ಹೇಳುವವರಿದ್ದಾರೆ. ನನ್ನ ಮಟ್ಟಿಗೆ ಆ ಮಾತು ಅರ್ಧ ಹಳತಾಗಿದೆ. ಈಗ ಕೇಳಬೇಕಾದ ಪ್ರಶ್ನೆಗಳೇ ಬೇರೆ.

ಒಂದು, ಕರೆಂಟ್ ಹೋದಾಗ ಎಸ್‌ಎಸ್‌ಡಿಯೊಳಗಿನ ಮೆಮೊರಿಯಲ್ಲಿರುವುದನ್ನು ಉಳಿಸಲು ಕೆಪಾಸಿಟರ್ ಇದೆಯಾ? ಅಂಗಡಿಯಲ್ಲಿ ಸಿಗುವ ಮಾಮೂಲಿ ಎಸ್‌ಎಸ್‌ಡಿಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. “ಅದೇ ಕಂಪನಿ, ಅದೇ ಸೈಜ್, ಕಾಲು ಬೆಲೆ ಸಾರ್” ಅಂತ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ಇಲ್ಲೂ ಹೇಳಿದರು. ಇನ್ನೊಂದು, ದಿನಕ್ಕೆ ಎಷ್ಟು ಸಲ ಪೂರ್ತಿ ತುಂಬಿ ಬರೆಯಬಹುದು ಅನ್ನುವ ತಾಳಿಕೆಯ ಅಂಕಿ. ನಮ್ಮ ಬರಹಕ್ಕೆ ದಿನಕ್ಕೊಂದು ಸಲದ ದರ್ಜೆ ಧಾರಾಳ.

ತಿರುಗುವ ಡಿಸ್ಕ್ ಬೇಡ ಅನ್ನಲು ಈ ಜಾಗದ್ದೇ ಒಂದು ಕಾರಣವೂ ಇತ್ತು. ಸರ್ವರ್ ಕೋಣೆ ಮಿಲ್ ಹೌಸ್‌ಗೆ ಹತ್ತಿರ. ಅರೆಯುವಾಗ ಟೇಬಲ್ ಮೇಲಿನ ಲೋಟದ ನೀರು ನಡುಗುತ್ತದೆ. ಡಿಸ್ಕ್‌ನ ತಲೆ ಸಪೂರ ಗೆರೆಯ ಮೇಲೆ ನಿಲ್ಲಬೇಕು. ಅದುರಿದರೆ ಮತ್ತೆ ಮತ್ತೆ ಹುಡುಕಿಕೊಳ್ಳಬೇಕು, ಗತಿ ಇಳಿಯುತ್ತದೆ. ಎಸ್‌ಎಸ್‌ಡಿಗೆ ಆ ಗೋಳಿಲ್ಲ. ಕಬ್ಬಿನ ರಚ್ಚಿನ ಧೂಳು ಮಾತ್ರ ಫ್ಯಾನ್‌ಗೆ ಹೋಗಿಯೇ ಹೋಗುತ್ತದೆ. ಅದಕ್ಕೆ ಬಾಗಿಲಿಗೆ ಫಿಲ್ಟರ್ ಬಿಟ್ಟರೆ ಬೇರೆ ಮದ್ದಿಲ್ಲ.

ಹಂಚಿಕೊಂಡ ಡಿಸ್ಕ್ ಬೇಕೇ ಬೇಕಾ

ಇದನ್ನು ಗಂಭೀರವಾಗಿಯೇ ಯೋಚಿಸಿದೆವು. ಪ್ರತಿ ಸರ್ವರ್‌ಗೂ ಅದರದೇ ಡಿಸ್ಕ್, ಡೇಟಾಬೇಸ್ ತಾನೇ ಒಂದರಿಂದ ಇನ್ನೊಂದಕ್ಕೆ ನಕಲು ಕಳಿಸುತ್ತಿರುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2012ರಿಂದ ಅವೈಲಬಿಲಿಟಿ ಗ್ರೂಪ್ ಇದೆ. ಸ್ಟೋರೇಜ್ ಪೆಟ್ಟಿಗೆಯ ಖರ್ಚೇ ಇಲ್ಲ, ಎರಡು ಸರ್ವರ್ ಬೇರೆ ಬೇರೆ ಕಟ್ಟಡದಲ್ಲೂ ಇರಬಹುದು. ನನಗೆ ಇದೇ ಇಷ್ಟವಾಗಿತ್ತು.

ಅಡ್ಡ ಬಂದದ್ದು ಎಡಿಶನ್. ಸ್ಟ್ಯಾಂಡರ್ಡ್‌ನಲ್ಲಿ ಸಿಗುವುದು 2016ರಲ್ಲಿ ಬಂದ ಬೇಸಿಕ್ ಗ್ರೂಪ್. ಅದರಲ್ಲಿ ಒಂದು ಗ್ರೂಪಿಗೆ ಒಂದೇ ಡೇಟಾಬೇಸ್. ಕಾರ್ಖಾನೆಯ ಸಾಫ್ಟ್‌ವೇರ್‌ನಲ್ಲಿ ತೂಕ, ರೈತರ ಖಾತೆ, ಬಟವಾಡೆ ಅಂತ ಮೂರು ಡೇಟಾಬೇಸ್, ಮೂರೂ ಒಂದರೊಳಗೊಂದು ಕೈ ಹಾಕುತ್ತವೆ. ಮೂರು ಗ್ರೂಪ್ ಮಾಡಬಹುದು, ಆದರೆ ಮೂರೂ ಒಟ್ಟಿಗೇ ಪಕ್ಕದ ಸರ್ವರ್‌ಗೆ ಹೋಗುತ್ತವೆ ಅನ್ನುವ ಖಾತ್ರಿ ಇಲ್ಲ. ತೂಕ ಅಲ್ಲಿ, ಖಾತೆ ಇಲ್ಲಿ ಆದರೆ ಬಿಲ್ ನಿಂತಿತು. ಈ ಮಿತಿ ಇಲ್ಲದ ಎಂಟರ್‌ಪ್ರೈಸ್ ಎಡಿಶನ್‌ಗೆ ಕೊಡುವ ದುಡ್ಡಿನಲ್ಲಿ ಒಳ್ಳೆ ಸ್ಟೋರೇಜ್ ಬರುತ್ತದೆ. ಸರ್ವರ್‌ಗಳ ಒಳಡಿಸ್ಕ್‌ಗಳನ್ನೇ ಸೇರಿಸಿ ಹಂಚಿಕೆ ಮಾಡುವ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್‌ಗೆ ವಿಂಡೋಸ್‌ನ ಡೇಟಾಸೆಂಟರ್ ಎಡಿಶನ್ ಬೇಕು. ಅದೂ ಬೇಡವಾಯಿತು.

ಕೊನೆಗೆ ಆರಿಸಿದ್ದು: ಎರಡು ಕಂಟ್ರೋಲರ್ ಇರುವ ಸ್ಯಾಸ್ (ಡಿಸ್ಕ್ ಪೆಟ್ಟಿಗೆಯನ್ನು ನೇರ ಕೇಬಲ್‌ನಿಂದ ಸೇರಿಸುವ ಬಗೆ) ಪೆಟ್ಟಿಗೆ, ಎರಡು ಸರ್ವರ್‌ಗೂ ನೇರ ಕೇಬಲ್. ಪ್ರತಿ ಸರ್ವರ್‌ನಿಂದ ಒಂದೊಂದು ಕೇಬಲ್ ಒಂದೊಂದು ಕಂಟ್ರೋಲರ್‌ಗೆ, ಒಟ್ಟು ನಾಲ್ಕು. ಮಧ್ಯೆ ಸ್ವಿಚ್ ಇಲ್ಲ. ಐಸ್ಕಸಿಗೆ ಹೋಗಿದ್ದರೆ 10 ಗಿಗಾಬಿಟ್‌ನ ಎರಡು ಸ್ವಿಚ್ ಬೇಕಿತ್ತು. 1 ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 110 ಎಂಬಿ ಚಿಲ್ಲರೆ ಮಾತ್ರ ಹಾಯುತ್ತದೆ, ಎಸ್‌ಎಸ್‌ಡಿ ಹಾಕಿ ಆ ಕೊಳವೆ ಇಟ್ಟರೆ ದುಡ್ಡು ದಂಡ. ಸ್ಯಾಸ್ ಕೇಬಲ್‌ಗೂ ಒಂದು ಮಿತಿ ಇದೆ: ಕೆಲವೇ ಮೀಟರ್ ಉದ್ದ. ಎರಡೂ ಸರ್ವರ್ ಒಂದೇ ರ‍್ಯಾಕ್‌ನಲ್ಲಿ ಇರಬೇಕು. ಆ ಕೋಣೆಗೆ ನೀರು ನುಗ್ಗಿದರೆ ಕ್ಲಸ್ಟರ್‌ಗೂ ನೀರು ನುಗ್ಗಿದ ಹಾಗೆ. ಇದನ್ನು ಟಿಪ್ಪಣಿಯಲ್ಲಿ ಬರೆದು ಆಡಳಿತ ಮಂಡಳಿಯ ಸಹಿ ಹಾಕಿಸಿಕೊಂಡೆವು.

ಡಿಸ್ಕ್ ಹಂಚಿದ್ದು ಹೀಗೆ

960 ಜಿಬಿಯ ಏಳು ಎಸ್‌ಎಸ್‌ಡಿ. ನಾಲ್ಕು ಸೇರಿ ರೇಡ್ 10, ಡೇಟಾಗೆ. ಎರಡು ಸೇರಿ ರೇಡ್ 1 (ಒಂದರ ನಕಲು ಇನ್ನೊಂದು), ಲಾಗ್‌ಗೆ. ಏಳನೆಯದು ಹಾಟ್ ಸ್ಪೇರ್, ಯಾವುದು ಸತ್ತರೂ ತಾನಾಗಿ ಆ ಜಾಗಕ್ಕೆ ಬರುತ್ತದೆ. ಡೇಟಾಗೆ ರೇಡ್ 5 ಹಾಕಿದ್ದರೂ ಗತಿ ಸಾಕಾಗುತ್ತಿತ್ತು. ಆದರೂ ರೇಡ್ 10 ಹಾಕಿದ್ದು ಒಂದು ಡಿಸ್ಕ್ ಸತ್ತ ಹೊತ್ತಿನ ಬಗ್ಗೆ ಯೋಚಿಸಿ. ರೇಡ್ 10ರಲ್ಲಿ ಸತ್ತ ಡಿಸ್ಕ್‌ನ ಜೋಡಿಯಿಂದ ಹೊಸದಕ್ಕೆ ನಕಲು ಆದರೆ ಮುಗಿಯಿತು. ರೇಡ್ 5ರಲ್ಲಿ ಉಳಿದ ಎಲ್ಲ ಡಿಸ್ಕ್ ಪೂರ್ತಿ ಓದಬೇಕು. ಕೊಟೇಶನ್‌ನ 8 ಟಿಬಿ ಡಿಸ್ಕ್ ಒಂದನ್ನು ಸೆಕೆಂಡಿಗೆ 200 ಎಂಬಿಯಂತೆ ತುಂಬಿಸಲೂ 11 ಗಂಟೆ ಬೇಕು, ಅದೂ ಬೇರೆ ಕೆಲಸ ಏನೂ ಇಲ್ಲದಿದ್ದರೆ. ಸೀಸನ್‌ನಲ್ಲಿ ಬೇರೆ ಕೆಲಸ ಇಲ್ಲದ ಹೊತ್ತು ಎಲ್ಲಿದೆ?

ಎಸ್‌ಎಸ್‌ಡಿ ಮೇಲೆ ಲಾಗ್ ಬೇರೆ ಇಡುವುದು ವೇಗಕ್ಕೆ ಅಷ್ಟೇನೂ ಬೇಕಿಲ್ಲ. ಬೇರೆ ಇಟ್ಟದ್ದು ಇನ್ನೊಂದು ಕಾರಣಕ್ಕೆ. ಡೇಟಾ ಗುಂಪು ಪೂರ್ತಿ ಹೋದರೂ ಲಾಗ್ ಉಳಿದಿದ್ದರೆ, ಕೊನೆಯ ತುಂಡು ಲಾಗ್ ಬ್ಯಾಕಪ್ ತೆಗೆದು ಕೊನೇ ಚೀಟಿಯ ತನಕ ವಾಪಸ್ ತರಬಹುದು. ತೂಕದ ವಿಷಯದಲ್ಲಿ ಹತ್ತು ನಿಮಿಷದ ಚೀಟಿ ಹೋದರೂ ರೈತರಿಗೆ ಉತ್ತರ ಹೇಳುವುದು ಕಷ್ಟ.

ಕೋರಂ ವಿಟ್ನೆಸ್‌ಗೆ 1 ಜಿಬಿಯ ಸಣ್ಣ ಭಾಗ. ಎರಡು ಸರ್ವರ್‌ಗೆ ಎರಡು ಓಟು, ಈ ಡಿಸ್ಕ್‌ಗೆ ಮೂರನೆಯದು. ಇದಿಲ್ಲದಿದ್ದರೆ ಮಧ್ಯದ ನೆಟ್‌ವರ್ಕ್ ಕಡಿದಾಗ ಯಜಮಾನ ಯಾರು ಅಂತ ಸರಿಯಾಗಿ ತೀರ್ಮಾನ ಆಗುವ ಖಾತ್ರಿ ಇಲ್ಲ. ಡೇಟಾ ಮತ್ತು ಲಾಗ್ ಭಾಗಗಳನ್ನು 64 ಕೆಬಿ ಅಲೊಕೇಶನ್ ಯೂನಿಟ್‌ನಲ್ಲಿ (ಡಿಸ್ಕ್ ಜಾಗ ಹಂಚುವ ಕನಿಷ್ಠ ತುಂಡು) ಫಾರ್ಮ್ಯಾಟ್ ಮಾಡಿದೆವು.

ಟೆಂಪ್‌ಡಿಬಿ ಮಾತ್ರ ಹಂಚಿಕೆ ಪೆಟ್ಟಿಗೆಯಲ್ಲಿಲ್ಲ. 2012ರ ಆವೃತ್ತಿಯಿಂದ ಅದನ್ನು ಪ್ರತಿ ಸರ್ವರ್‌ನ ಒಳ ಎಸ್‌ಎಸ್‌ಡಿಯಲ್ಲೇ ಇಡಬಹುದು. ಸರ್ವರ್ ಶುರುವಾದಾಗಲೆಲ್ಲ ಹೊಸದಾಗಿ ಹುಟ್ಟುವ ಡೇಟಾಬೇಸ್ ಅದು, ಕಳೆದುಹೋದರೂ ಅಳುವವರಿಲ್ಲ. ಬಿಲ್‌ನ ಸಾರ್ಟಿಂಗ್ ಕೆಲಸವೆಲ್ಲ ಅಲ್ಲಿಗೆ ಹೋಯಿತು.

ಸರಬರಾಜುದಾರರ ಆ 8 ಟಿಬಿ ಡಿಸ್ಕ್‌ಗಳನ್ನು ಪೂರ್ತಿ ಕೈಬಿಡಲಿಲ್ಲ. ಅದೇ ಪೆಟ್ಟಿಗೆಯನ್ನು ರೇಡ್ 6 ಮಾಡಿಸಿ ಯಾರ್ಡ್‌ನ ಆಚೆ ಬದಿಯ ಆಡಳಿತ ಕಚೇರಿಯಲ್ಲಿ ಇಡಿಸಿದೆವು, ಬ್ಯಾಕಪ್‌ಗೆ. ದೊಡ್ಡ ದೊಡ್ಡ ತುಂಡಾಗಿ ಸಾಲಾಗಿ ಬರೆಯುವ ಕೆಲಸಕ್ಕೆ ಅವು ಲಾಯಕ್ಕು. ಹದಿನೈದು ನಿಮಿಷಕ್ಕೊಂದು ಲಾಗ್ ಬ್ಯಾಕಪ್ ಅಲ್ಲಿಗೆ ಹೋಗುತ್ತದೆ. ರೇಡ್ ಇದೆಯಲ್ಲ, ಬ್ಯಾಕಪ್ ಯಾಕೆ ಅಂತ ಇಲ್ಲಿ ಯಾರೂ ಕೇಳಲಿಲ್ಲ, ಪುಣ್ಯ.

ಪ್ಲಗ್ ಕಿತ್ತು ನೋಡಿದ್ದು

ಸೀಸನ್ ಶುರುವಾಗುವ ಮುಂಚೆ ಪರೀಕ್ಷೆ. ಮೊದಲು ಡಿಸ್ಕ್‌ಸ್ಪಿಡ್ ಎಂಬ ಮೈಕ್ರೋಸಾಫ್ಟ್‌ನ ಉಚಿತ ಟೂಲ್‌ನಿಂದ 8 ಕೆಬಿಯ ಚದುರಿದ ಓದು-ಬರಹ. ಪರೀಕ್ಷೆಯ ಫೈಲ್ ಕಂಟ್ರೋಲರ್ ಕ್ಯಾಶ್‌ಗಿಂತ ಬಹಳ ದೊಡ್ಡದಿರಬೇಕು. ಸಣ್ಣ ಫೈಲ್ ಇಟ್ಟು ಕ್ಯಾಶ್‌ನ ವೇಗವನ್ನೇ ಡಿಸ್ಕ್‌ನ ವೇಗ ಅಂತ ತೋರಿಸಿ ಬಿಲ್ ಪಾಸ್ ಮಾಡಿಸಿಕೊಳ್ಳುವವರಿದ್ದಾರೆ. ನಮ್ಮ 1000ದ ಗುರಿ ಸುಲಭವಾಗಿ ದಾಟಿತು, ಆ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ.

ಕುತೂಹಲ ಇದ್ದದ್ದು ಒಂದು ಕಂಟ್ರೋಲರ್ ಎಳೆದರೆ ಏನಾಗುತ್ತದೆ ಅಂತ. ಟೂಲ್ ಓಡುತ್ತಿರುವಾಗಲೇ ಒಂದನ್ನು ಹೊರಗೆಳೆದೆವು. ಕೆಲವು ಸೆಕೆಂಡ್ ಎಲ್ಲವೂ ನಿಂತಂತಾಗಿ ಮತ್ತೆ ಹೊರಟಿತು. ಆದರೆ ಬರಹದ ಸಮಯ ಏರಿತ್ತು. ನಕಲು ಇಡಲು ಜೊತೆಗಾರ ಇಲ್ಲದಾಗ ಪೆಟ್ಟಿಗೆ ಬರಹದ ಕ್ಯಾಶ್ ನಿಲ್ಲಿಸುತ್ತದೆ. ಹಳೆ ಸರ್ವರ್‌ನಲ್ಲಿ ಬ್ಯಾಟರಿ ಸತ್ತಾಗ ಆದದ್ದೇ ಇದು. ವ್ಯತ್ಯಾಸ ಏನೆಂದರೆ ಕೆಳಗಿರುವುದು ಎಸ್‌ಎಸ್‌ಡಿ, ಹಾಗಾಗಿ ಕ್ಯಾಶ್ ಇಲ್ಲದೆಯೂ ಲಾಗ್ ಬರಹ 5 ಮಿಲಿಸೆಕೆಂಡ್ ಒಳಗೇ ಉಳಿಯಿತು. ತಿರುಗುವ ಡಿಸ್ಕ್ ಇದ್ದಿದ್ದರೆ ಕಂಟ್ರೋಲರ್ ಹೋದ ದಿನ ಗೇಟ್ ಮತ್ತೆ 8 ಸೆಕೆಂಡಿಗೆ ಹೋಗುತ್ತಿತ್ತು.

ಆಮೇಲೆ ಮೊದಲ ಸರ್ವರ್‌ನ ಪವರ್ ಕಿತ್ತೆವು. ಎರಡನೆಯದು ಡಿಸ್ಕ್ ಎತ್ತಿಕೊಂಡಿತು, ಡೇಟಾಬೇಸ್ ಮಾತ್ರ ಏಳಲಿಲ್ಲ. ಎರರ್ ಲಾಗ್ ತೆಗೆದರೆ ಟೆಂಪ್‌ಡಿಬಿ ಫೈಲ್ ಮಾಡಲಾಗಲಿಲ್ಲ ಅಂತ ಇತ್ತು. ಸರಬರಾಜುದಾರರ ಎಂಜಿನಿಯರ್ ಮೊದಲ ಸರ್ವರ್‌ನಲ್ಲಿ ಟೆಂಪ್‌ಡಿಬಿ ಫೋಲ್ಡರ್ ಮಾಡಿದ್ದ, ಎರಡನೆಯದರಲ್ಲಿ ಮಾಡಿರಲಿಲ್ಲ. ಎಸ್‌ಕ್ಯೂಎಲ್ ಸರ್ವರ್ ಫೈಲ್ ಹುಟ್ಟಿಸುತ್ತದೆ, ಫೋಲ್ಡರ್ ಹುಟ್ಟಿಸುವುದಿಲ್ಲ. ಎರಡೂ ಕಡೆ ಅದೇ ಡ್ರೈವ್ ಅಕ್ಷರ, ಅದೇ ಫೋಲ್ಡರ್, ಸರ್ವೀಸ್ ಅಕೌಂಟ್‌ಗೆ ಬರೆಯುವ ಅನುಮತಿ ಇರಬೇಕು. ಫೋಲ್ಡರ್ ಮಾಡಿ ಅನುಮತಿ ಕೊಟ್ಟ ಕೂಡಲೇ ಎದ್ದಿತು. ಸೀಸನ್ ಮಧ್ಯೆ ನಡುರಾತ್ರಿ ಇದು ಬಯಲಾಗಿದ್ದರೆ, ಕ್ಲಸ್ಟರ್ ಹೆಸರೆತ್ತಿದವರಿಗೆಲ್ಲ ಯಾರ್ಡ್‌ನಲ್ಲಿ ಪೂಜೆ ಆಗುತ್ತಿತ್ತು.

ಬಿಲ್ ಓಡುತ್ತಿರುವಾಗ ಕಿತ್ತ ಪರೀಕ್ಷೆ ಇನ್ನೊಂದು ವಿಷಯ ತೋರಿಸಿತು. ಡಿಸ್ಕ್ ತಕ್ಷಣ ಬಂತು, ಆದರೆ ತೂಕದ ಮನೆಗೆ ಡೇಟಾಬೇಸ್ ಸಿಗಲು ಬಹಳ ಹೊತ್ತು ಹಿಡಿಯಿತು. ಇಡೀ ಹದಿನೈದು ದಿನದ ಬಿಲ್ ಒಂದೇ ಟ್ರಾನ್ಸಾಕ್ಷನ್, ಅಂದರೆ ಪೂರ್ತಿ ಮುಗಿದರೆ ಮಾತ್ರ ಉಳಿಯುವ ಒಂದೇ ಕೆಲಸ. ಅರ್ಧದಲ್ಲಿ ಸರ್ವರ್ ಬಿದ್ದರೆ ಎದ್ದ ಸರ್ವರ್ ಅಷ್ಟನ್ನೂ ಹಿಂದಕ್ಕೆ ಸುತ್ತಬೇಕು. ಸ್ಟ್ಯಾಂಡರ್ಡ್ ಎಡಿಶನ್‌ನಲ್ಲಿ ಅದು ಮುಗಿಯುವ ತನಕ ಡೇಟಾಬೇಸ್ ಬಾಗಿಲು ತೆರೆಯುವುದಿಲ್ಲ, 2019ರಲ್ಲಿ ಬಂದ ಬೇಗ ಚೇತರಿಸುವ ಸೌಲಭ್ಯ ಹಾಕಿಕೊಂಡಿಲ್ಲದಿದ್ದರೆ. ಇವರದು ಅದಕ್ಕಿಂತ ಹಿಂದಿನ ಆವೃತ್ತಿ. ಎಂಥ ಸ್ಟೋರೇಜ್ ಕೊಂಡರೂ ಇದಕ್ಕೆ ಮದ್ದಿಲ್ಲ. ಸಾಫ್ಟ್‌ವೇರ್‌ನವರಿಗೆ ಹೇಳಿ ಊರೂರಿಗೆ ಒಂದು ಕಮಿಟ್ ಮಾಡುವ ಹಾಗೆ ಬದಲಾಯಿಸಿದೆವು. ಜೊತೆಗೆ ಚೇತರಿಕೆಯ ಗುರಿ ಸಮಯವನ್ನು 60 ಸೆಕೆಂಡ್‌ಗೆ ಇಟ್ಟೆವು. 2016ರ ಆವೃತ್ತಿಯಿಂದ ಹೊಸದಾಗಿ ಮಾಡಿದ ಡೇಟಾಬೇಸ್‌ಗೆ ಇದು ತಾನಾಗಿ ಬರುತ್ತದೆ. ಹಳೆ ಆವೃತ್ತಿಯಿಂದ ಎತ್ತಿಕೊಂಡು ಬಂದದ್ದಕ್ಕೆ ಬರುವುದಿಲ್ಲ, ಕೈಯಾರೆ ಇಡಬೇಕು.

ಕೊನೆಯದಾಗಿ ಯುಪಿಎಸ್. ಪೆಟ್ಟಿಗೆಗೆ ಎರಡು ಪವರ್ ಸಪ್ಲೈ, ಎರಡೂ ಒಂದೇ ಯುಪಿಎಸ್‌ಗೆ ಚುಚ್ಚಿದ್ದರು. ಬೇರೆ ಬೇರೆ ಮಾಡಿಸಿದೆವು. ಸೀಸನ್‌ನಲ್ಲಿ ಕಾರ್ಖಾನೆ ತನ್ನ ಕರೆಂಟ್ ತಾನೇ ಮಾಡಿಕೊಳ್ಳುತ್ತದೆ. ಟರ್ಬೈನ್ ಟ್ರಿಪ್ ಆದರೆ ಎಲ್ಲರಿಗೂ ಒಟ್ಟಿಗೇ ಕತ್ತಲೆ.

ಉಳಿದಿರುವುದು

ಮೊದಲ ಬಿಲ್ ಓಡಿದ ದಿನ ಚೀಟಿ ತಡವಾಗಲಿಲ್ಲ. ತೂಕದ ಮನೆಯಿಂದ ಫೋನೇ ಬರಲಿಲ್ಲ ಅಂತ ಸಿಸ್ಟಮ್ಸ್ ನೋಡಿಕೊಳ್ಳುವ ಹುಡುಗನಿಗೆ ಅನುಮಾನ ಬಂದು, ತಾನೇ ನಡೆದುಕೊಂಡು ಹೋಗಿ ನೋಡಿ ಬಂದ.

ಪೆಟ್ಟಿಗೆ ಈಗಲೂ ಒಂದೇ. ಅದರೊಳಗೆ ಎಲ್ಲ ಎರಡೆರಡು ಇದ್ದರೂ, ಕಂಟ್ರೋಲರ್ ಫರ್ಮ್‌ವೇರ್ ಎರಡಕ್ಕೂ ಒಂದೇ, ಹಿಂಬದಿಯ ಬೋರ್ಡ್ ಒಂದೇ, ಕೋಣೆ ಒಂದೇ. ಲಾಗ್ ಬ್ಯಾಕಪ್‌ಗಳನ್ನು ಆಡಳಿತ ಕಚೇರಿಯ ಮೂರನೇ ಸರ್ವರ್ ಒಂದರ ಮೇಲೆ ಏರಿಸುತ್ತಾ ಇಟ್ಟರೆ, ಕೋಣೆಯೇ ಹೋದರೂ ಹದಿನೈದು ನಿಮಿಷದ ನಷ್ಟದಲ್ಲಿ ಗೇಟ್ ನಡೆಸಬಹುದು. ಹಳೆ ಸರ್ವರ್ ಅದಕ್ಕೆ ಸಾಕು, ಹೊಸ ಬ್ಯಾಟರಿಯೂ ಇದೆ. ಅದರ ಲೈಸೆನ್ಸ್ ಖರ್ಚನ್ನು ಮುಂದಿನ ಬಜೆಟ್‌ಗೆ ಬರೆದುಕೊಟ್ಟಿದ್ದೇವೆ. ಮಂಜೂರಾತಿ ಇನ್ನೂ ಆಗಿಲ್ಲ.

ಸದ್ಯಕ್ಕೆ ಶಿಫ್ಟ್ ರಿಜಿಸ್ಟರ್‌ನಲ್ಲಿ ಒಂದು ಕಾಲಂ ಹೆಚ್ಚಾಗಿದೆ. ಬಾಯ್ಲರ್ ಒತ್ತಡ, ಟರ್ಬೈನ್ ಲೋಡ್ ಬರೆಯುವ ಪುಟದಲ್ಲೇ ದಿನಕ್ಕೊಂದು ಸಲ ಬರೆಯಬೇಕು: ಕಂಟ್ರೋಲರ್ ಎ, ಕಂಟ್ರೋಲರ್ ಬಿ, ಬರಹದ ಕ್ಯಾಶ್ ಆನ್ ಇದೆಯೋ ಇಲ್ಲವೋ.